ನಳಕ್ಕಾಗಿ ನಳಪಾಕ

"ನಾಳೆ ಒಲಿ ನಂದು!"

ಮಲಕಾರಿ ಹೀಗೆ ಘೋಷಿಸಿದಾಗ ಅವನ ಹೆಂಡತಿ ಕೆಂಪವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಬದಿಗಿಟ್ಟಳು, ಅಷ್ಟೇ. ಗಂಡನ ಘೋಷಣೆಗಳಿಗೆ ಬೆಚ್ಚಿಬೀಳುವುದನ್ನು ಅವಳು ಲಗ್ನವಾದ ಮೊದಲ ವರ್ಷವೇ ಬಿಟ್ಟಿದ್ದಳು. "ಸುಣ್ಣ ನಾನ ಹೊಡೀತೀನಿ" ಎಂದ ವರ್ಷ ಗೋಡೆಗಿಂತ ಮೊದಲು ಹಾಸಿಗೆ ಬೆಳ್ಳಗಾಗಿತ್ತು. "ಗಡಿಯಾರ ನಾನ ರಿಪೇರಿ ಮಾಡ್ತೀನಿ" ಎಂದ ಮೇಲೆ ಆ ಗಡಿಯಾರ ಒಮ್ಮೆಯೂ ತಪ್ಪು ವೇಳೆ ತೋರಿಸಿಲ್ಲ. ಯಾಕೆಂದರೆ ಅದು ಯಾವ ವೇಳೆಯನ್ನೂ ತೋರಿಸಿಲ್ಲ!

"ಕೇಳಿತೇನ? ಒಲಿ ನಂದು ಅಂದೆ."

"ಕೇಳಿತ್ರಿ. ಒಲಿ ಅಷ್ಟ ನಿಮ್ಮದೋ, ಸುಟ್ಟ ಭಾಂಡೆ ತಿಕ್ಕೂದೂ ನಿಮ್ಮದೋ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಉತ್ತರ ಕೊಡುವ ಜಾಯಮಾನ ಮಲಕಾರಿಯದಲ್ಲ. ಅವನು ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ ಚೀಲಗಳ ಲೆಕ್ಕ ಬರೆಯುವ ಕಾರಕೂನ. ತಾನೊಂದು ದಿನ ರಜೆ ಹಾಕಿದರೆ ಇಡೀ ಹಿಂದೂಸ್ಥಾನ ಬೀಡಿಯಿಲ್ಲದೆ ಒದ್ದಾಡುತ್ತದೆ ಎಂಬುದು ಅವನ ಗಾಢ ನಂಬಿಕೆ. ಅಂಥವನು ನಾಲ್ಕು ಬಟಾಟೆ ಹುರಿಯಲಾರನೇ?

ಇಷ್ಟೆಲ್ಲ ವೀರಾವೇಶಕ್ಕೆ ಕಾರಣ ಒಂದು ನಳ. ಅದು ಎಂಬತ್ತಾರನೆಯ ಇಸವಿ. ಮಲಕಾರಿಯ ಸಂಸಾರ ಇದ್ದದ್ದು ಒಂದು ಚಾಳಿನಲ್ಲಿ. ಸಾಲು ಮನೆಗಳಿಗೆಲ್ಲ ಸೇರಿ ಅಂಗಳದಲ್ಲಿ ಒಂದೇ ನಳ. ಅದು ಯಾವಾಗ ಬರುತ್ತದೆಂಬುದು ನೀರು ಬಿಡುವ ಪುಣ್ಯಾತ್ಮನಿಗೂ ಖಾತ್ರಿ ಇರಲಿಲ್ಲ. ಬಂದಾಗ ಮಾತ್ರ ಕುರುಕ್ಷೇತ್ರ! ಕೊಡಕ್ಕೆ ಕೊಡ, ಮಾತಿಗೆ ಮಾತು, ಜಡೆಗೆ ಕೈ. ಕೆಂಪವ್ವ ಮೂಲತಃ ಸೌಮ್ಯ ಹೆಂಗಸು. ಚಾಳಿಗೆ ಬಂದ ಮೇಲೆ ಅವಳ ಗಂಟಲು ಕಹಳೆಯಾಗಿ, ಸೊಂಟ ಮಾತ್ರ ಸೋತುಹೋಗಿತ್ತು. ಬಂಗಾರ ಬೇಕೆಂದು ಅವಳು ಕೇಳಿದವಳಲ್ಲ, ಪೈಠಣಿ ಸೀರೆ ಕೇಳಿದವಳಲ್ಲ. ಕೇಳಿದ್ದು ಒಂದೇ: ತನ್ನ ಮನೆಯೊಳಗೆ, ತಾನೊಬ್ಬಳೇ ತಿರುಗಿಸುವ ಒಂದು ನಳ.

ಅಂಥ ನಳ ಬಾಪುಸಾಹೇಬರ ಹಿತ್ತಲಮನೆಯಲ್ಲಿತ್ತು. ಬಾಪುಸಾಹೇಬರೆಂದರೆ ಜೈನರ ಪೈಕಿ ದೊಡ್ಡ ತಂಬಾಕು ವ್ಯಾಪಾರಿ, ವಖಾರಕ್ಕೆ ಬಂದುಹೋಗುವವರು. ಅವರ ಹಿತ್ತಲಲ್ಲಿ ಎರಡು ಕೋಣೆಯ ಚೊಕ್ಕ ಮನೆ, ಅಡುಗೆಮನೆಯ ಗೋಡೆಗೇ ನಳ, ಬಾಡಿಗೆಯೂ ಕೈಗೆಟಕುವಂಥದ್ದು. ಆದರೂ ಅದು ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. ಯಾಕೆ? ಬಾಪುಸಾಹೇಬರ ಹೆಂಡತಿ ಕಮಲಾಬಾಯಿಯವರ ಕಾಯಿದೆ! ಬಾಡಿಗೆಗೆ ಬರುವವರ ಈಗಿನ ಅಡುಗೆಮನೆಯನ್ನು ಖುದ್ದಾಗಿ ನೋಡದೆ ಆಕೆ ಕೀಲಿ ಕೊಡುವವರಲ್ಲ. ಮನುಷ್ಯನ ಜಾತಕ ಅವನ ಒಲೆಯ ಮಗ್ಗುಲಲ್ಲಿರುತ್ತದೆ ಎಂಬುದು ಆಕೆಯ ಸಿದ್ಧಾಂತ. ಒಬ್ಬ ಬ್ಯಾಂಕಿನ ಸಾಹೇಬರು ಗಟಾರದಲ್ಲಿ ಸಿಕ್ಕ ತತ್ತಿಯ ಸಿಪ್ಪೆಯಿಂದ ಫೇಲಾದರು. ಇನ್ನೊಬ್ಬ ಮಾಸ್ತರರು ಡಬ್ಬಿಯೊಂದರಿಂದ ಬಂದ ಒಣಮೀನಿನ ವಾಸನೆಯಿಂದ ಫೇಲಾದರು.

ಮಲಕಾರಿಯ ಊರು ಬೇಡಕಿಹಾಳ. ಕುರಿ ಕಾಯುವ ಮನೆತನ. ಕುರಿ ಕಾಯುವವರು ಕುರಿಯನ್ನು ಬರೇ ಕಾಯುತ್ತ ಕೂಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಬಾಪುಸಾಹೇಬರು ವಖಾರದಲ್ಲಿ ಹಿಂದುಮುಂದು ನೋಡುತ್ತ, "ಮಲಕಾರಿ, ನಿಮ್ಮ ಮನ್ಯಾಗ ಮಾಂಸಾ ಗೀಂಸಾ..." ಎಂದು ಎಳೆದದ್ದೇ ತಡ, ಇವನು ಎರಡೂ ಕಿವಿ ಹಿಡಿದುಕೊಂಡಿದ್ದ.

"ಅಯ್ಯಯ್ಯ ಸಾಹುಕಾರ್ರ! ನಾವೇನ್ರಿ? ತತ್ತಿ ಅಂತ ಹೆಸರ ಹೇಳಿದ್ರ ನಮ್ಮ ಹುಡುಗ್ರು ಅಂಜಿ ಅಳ್ತಾವ್ರಿ!"

ಆ ಹುಡುಗರು ಗಣಪತಿ ಹಬ್ಬಕ್ಕೆಂದು ಬೇಡಕಿಹಾಳದ ಅಜ್ಜಿಯ ಮನೆಗೆ ಹೋಗಿದ್ದರು. ಹೋಗುವ ಮುನ್ನ ಕೊನೆಯ ತತ್ತಿ ಯಾರದೆಂದು ಹೊಡೆದಾಡಿಕೊಂಡೇ ಹೋಗಿದ್ದರು.

ಬಾಪುಸಾಹೇಬರಿಗೆ ಹೆಚ್ಚು ವಿಚಾರಿಸುವ ಉಮೇದು ಇರಲಿಲ್ಲ. "ಆತಪಾ. ನಾಳೆ ಬಸದಿಯಿಂದ ಬರೂಮುಂದ ನಮ್ಮಕಿನ್ನ ಕರಕೊಂಡು ಬರ್ತೀನಿ" ಎಂದರು.

"ಊಟಕ್ಕ ಬರ್ರಿ ಸಾಹುಕಾರ್ರ!"

"ಛೇ ಛೇ! ನಮ್ಮದು ಹತ್ತ ದಿನದ ಪರ್ವ ನಡದೈತಿ, ಆಕಿದು ಉಪಾಸ. ಏನೂ ಮಾಡಾಕ ಹೋಗಬ್ಯಾಡ್ರಿ. ಬರ್ತೀವಿ, ನೋಡ್ತೀವಿ, ಹೋಗ್ತೀವಿ."

ಇಷ್ಟು ಸ್ಪಷ್ಟವಾದ ಮಾತಿನಿಂದ ಮಲಕಾರಿ ಹೆಕ್ಕಿಕೊಂಡದ್ದು ಒಂದೇ ಪದ: ಉಪಾಸ! ದೊಡ್ಡ ಮನೆತನದವರು "ಏನೂ ಮಾಡಬ್ಯಾಡ್ರಿ" ಎಂದರೆ "ಏನಾದ್ರೂ ಮಾಡ್ರಿ" ಎಂದೇ ಅರ್ಥ ಎಂದು ಅವನು ತನ್ನಷ್ಟಕ್ಕೆ ತರ್ಜುಮೆ ಮಾಡಿಕೊಂಡ. ಸಂಜೆ ಬರುವಾಗ ಚೀಲದ ತುಂಬ ಬಟಾಟೆ.

"ಇವೆಲ್ಲಾ ಯಾಕ್ರಿ?" ಕೆಂಪವ್ವ ಮೊರ ಕೆಳಗಿಟ್ಟಳು.

"ನಮ್ಮವ್ವ ಏಕಾದಶಿ ದಿನಾ ಏನ ತಿಂತಾಳ? ಹೇಳು."

"ಏನ ತಿನ್ನಂಗಿಲ್ಲ ಅಂತ ಕೇಳ್ರಿ. ಸಾಬೂದಾಣಿ, ಶೇಂಗಾ, ಬಟಾಟಿ, ಬಾಳಿಹಣ್ಣ..."

"ಹಾಂ! ಬಟಾಟಿ! ನಾಳೆ ಕಮಲಾಬಾಯಿಯವರದು ಉಪಾಸ. ಎರಡ ಬಾಳಿಹಣ್ಣು, ಒಂದ ವಾಟಿ ಹಾಲು, ತಾಟಿನ ಮಗ್ಗಲಿಗೆ ನನ್ನ ಕೈಯಿಂದ ಹುರದ ಮಸಾಲಿ ಬಟಾಟಿ. ಕೊಲ್ಲಾಪುರದ ಹೊಟೇಲಿನ್ಯಾಗ ತಿಂದಿದ್ದೆ. ಮ್ಯಾಲೆ ಗರಿಗರಿ, ಒಳಗ ಬೆಣ್ಣಿ! ತಿಂದ ಕೂಡಲೇ ಕೀಲಿ ತಗದು ಕೈಯಾಗ ಇಡಬೇಕ ಆಕಿ!"

"ನಿಮ್ಮವ್ವನ ಉಪಾಸ ಬ್ಯಾರೆ, ಅವರ ಉಪಾಸ ಬ್ಯಾರೆ. ಅವರ ಮಂದಿ ಗಡ್ಡಿ ಗೆಣಸು ತಿನ್ನಂಗಿಲ್ಲಂತ್ರಿ."

"ಉಪಾಸ ಅಂದ್ರ ಉಪಾಸ! ಹೊಟ್ಟಿಗೆ ಜಾತಿ ಐತೇನ? ಮತ್ತ ಬಾಪುಸಾಹೇಬರು ದಿನಾ ಸಂಜಿಕ ಬಸ್‌ಸ್ಟ್ಯಾಂಡಿನ ಗಾಡಿ ಹಿಂದ ನಿಂತು ಬಟಾಟಿ ವಡೆ ತಿಂತಾರ. ಕಣ್ಣಾರೆ ನೋಡೀನಿ ನಾ!"

ಕಣ್ಣಾರೆ ನೋಡಿದ್ದು ಖರೆ. ಅಷ್ಟು ದೊಡ್ಡ ಸಾಹುಕಾರರು ಗಾಡಿಯ ಹಿಂದೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಯಾಕೆ ತಿನ್ನುತ್ತಾರೆ ಎಂದು ಮಾತ್ರ ಅವನ ಬುದ್ಧಿಗೆ ಹೊಳೆದಿರಲಿಲ್ಲ.

"ನನ್ನ ಮಾತ ಕೇಳ್ರಿ" ಎಂದಳು ಕೆಂಪವ್ವ. "ಅಡಗಿಮನಿ ಸಾರಿಸಿ ಇಡ್ತೀನಿ. ಒಂದ ತಂಬಗಿ ನೀರು ಕೊಟ್ಟು ಕೈ ಮುಗಿಯೂನು. ಕೇಳಿದ್ದಕ್ಕ ಇದ್ದದ್ದು ಇದ್ದಂಗ ಹೇಳೂನು. ನನಗ ಆ ನಳಾ ಬೇಕ್ರಿ. ಸುಳ್ಳಲ್ಲ, ಭಾಳ ಬೇಕು."

"ಅದಕ್ಕ ಹೇಳೂದು, ಒಲಿ ನಂದು ಅಂತ!"

ಮರುದಿನ ಬೆಳಿಗ್ಗೆ ಕೆಂಪವ್ವ ಹೇಳಿದಂತೆಯೇ ಅಡುಗೆಮನೆ ಸಾರಿಸಿ, ಭಾಂಡೆಗಳನ್ನು ಮುಖ ಕಾಣುವಂತೆ ಬೆಳಗಿ, ಒಲೆಯ ಮುಂದೆ ಸಣ್ಣ ರಂಗೋಲಿ ಕೂಡ ಹಾಕಿದಳು. ಬಟಾಟೆಯ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ "ನಳಾ ಬಂತೂ!" ಎಂದು ಕೂಗಿದರು. ಆ ಕೂಗಿಗೆ ಚಾಳಿನ ಹೆಂಗಸರು ಬೇಯುವ ಅನ್ನ, ಅಳುವ ಕೂಸು ಎಲ್ಲವನ್ನೂ ಬಿಟ್ಟು ಓಡಬೇಕು. ಆ ದಿನ ನೀರು ಸಣ್ಣಗೆ ಬರುತ್ತಿತ್ತು. ಅಂಗಳದ ನಳ ಸೊರಗಿದರೆ ಓಣಿಯಾಚೆಯ ಹನುಮಪ್ಪನ ಗುಡಿಯ ನಳಕ್ಕೆ ಹೋಗಬೇಕು.

"ಬರ್ತೀನಿ. ಒಲಿ ಮುಟ್ಟಬ್ಯಾಡ್ರಿ ಮತ್ತ!" ಎಂದು ಕೊಡಗಳನ್ನೆತ್ತಿಕೊಂಡು ಅವಳು ಹೋದಳು.

ಮಲಕಾರಿ ಧೋತರ ಮೇಲೆ ಕಟ್ಟಿದ. ನಳಕ್ಕಾಗಿ ನಳಪಾಕ ಆರಂಭವಾಯಿತು!

ಮೊದಲು ಮಂಚದ ಕೆಳಗಿನ ಚೀಲ ಎಳೆದು, ಈಳಿಗೆಯ ಮುಂದೆ ಕೂತು ಬಟಾಟೆ ಹೆಚ್ಚಿದ. ಒಂದು ಹೋಳು ಗೋಲಿಯಷ್ಟು, ಇನ್ನೊಂದು ಮುಷ್ಟಿಯಷ್ಟು, ಮತ್ತೊಂದು ಅಡಿಕೆಯ ಚೂರಿನಷ್ಟು. ಎಲ್ಲ ಒಂದೇ ಅಳತೆಗಿರಬೇಕೆಂಬುದು ಹೆಂಗಸರ ಹುಚ್ಚು ಎಂದು ತನಗೆ ತಾನೇ ಹೇಳಿಕೊಂಡ. ಮೊದಲು ಕುದಿಸಬೇಕೇನೋ ಎಂಬ ಸಂಶಯ ಒಂದು ಕ್ಷಣ ಬಂತು. ಕುದಿಸಿದ್ದು ರೋಗಿಗಳಿಗೆ, ಹುರಿದದ್ದು ಗಂಡಸರಿಗೆ! ಸಂಶಯ ಹೋಯಿತು.

ಪಂಪಿನ ಸ್ಟೋವನ್ನು ಅವನು ಸೈಕಲ್ಲಿಗೆ ಗಾಳಿ ಹೊಡೆದಂತೆ ಹೊಡೆದ. ಉರಿ ಭುಗ್ಗೆಂದು ಗೋಡೆಯ ಮಾಡ ಮುಟ್ಟಿತು, ಮುಂಗೂದಲಿನ ಒಂದು ಸಾಲು ದೇವರಿಗೆ ಸಲ್ಲಿತು. ಕಬ್ಬಿಣದ ಕಡಾಯಿ ಕಾದು ಹೊಗೆಯಾಡಿತು. ಎಣ್ಣೆ ಸುರಿದ, ಅದರಲ್ಲಿ ತೊಳೆದು ಒರೆಸದ ಬಟಾಟೆಗಳನ್ನು ಒಮ್ಮೆಲೇ ಬಿಟ್ಟ. ಗಣಪತಿಯ ಮುಂದೆ ಹುಡುಗರು ಹಾರಿಸುವ ಪಟಾಕಿ ಯಾವ ಲೆಕ್ಕ! ಚಟಚಟ, ಪಟಪಟ, "ಅಯ್ಯಯ್ಯೋ!" ಕೊನೆಯದು ಮಲಕಾರಿಯದು.

ಸ್ವಲ್ಪ ಹೊತ್ತಿಗೆ ಸಣ್ಣ ಹೋಳುಗಳು ಇದ್ದಿಲಾದವು, ನಡುವಿನವು ಕಂದಾದವು, ದೊಡ್ಡವು ಹೊಲದಿಂದ ಆಗಷ್ಟೇ ಬಂದ ಠೀವಿಯಲ್ಲಿ ಹಾಗೇ ಕೂತಿದ್ದವು. ಮಲಕಾರಿ ಧೃತಿಗೆಡಲಿಲ್ಲ. ಉಪ್ಪು ಹಾಕಿದ. ಜೀರಿಗೆ ಹಾಕಿದ. ಒಂದು ಹೋಳು ಬಾಯಿಗಿಟ್ಟು ನೋಡಿದ. ಉಪ್ಪಿದೆ, ಜೀರಿಗೆ ಇದೆ, ರುಚಿ ಒಂದು ಇಲ್ಲ. ಇದಕ್ಕೆ ಮಸಾಲೆ ಬೇಕು! ಕೆಂಪಗಿನ ದರ್ಬಾರು ಬೇಕು!

ಮಾಡದ ಮೇಲೆ ಕೈಯಾಡಿಸಿದ. ಡಬ್ಬಿಗಳ ಹಿಂದೆ, ಬಟ್ಟೆ ಕಟ್ಟಿದ ಒಂದು ಭರಣಿ ಸಿಕ್ಕಿತು. ಬಿಚ್ಚಿದ. ಆಹಾ! ಏನು ಘಮ! ಈ ವಾಸನೆ ಅವನಿಗೆ ಬಹಳ ಪರಿಚಯದ್ದು, ಬಹಳ ಸಂತೋಷದ್ದು. ಅತ್ತೆ ಕುಟ್ಟಿದ ಖಾರ ಎಂದು ಗುರುತು ಸಿಕ್ಕಿತು, ಯಾವ ದಿನದ ಸಂತೋಷ ಎಂದು ನೆನಪಾಗಲಿಲ್ಲ ಅಷ್ಟೇ. ಕೆಂಪವ್ವನ ತವರು ಅಥಣಿ ಕಡೆಯದು. ವರ್ಷಕ್ಕೊಮ್ಮೆ ಅವಳವ್ವ ಕುಟ್ಟಿ ಕಳಿಸುವ ಈ ಮಸಾಲಿ ಖಾರದ ಭರಣಿ ಮನೆಯಲ್ಲಿ ಕುರಿ ಬೇಯುವ ದಿನ ಬಿಟ್ಟರೆ ಬೇರೆ ದಿನ ಬಾಯಿ ತೆರೆಯುವುದಿಲ್ಲ. ಅದನ್ನು ಮುಚ್ಚಿ ಮರೆಯಲ್ಲಿಟ್ಟದ್ದೇ ಕಮಲಾಬಾಯಿಯ ಕಣ್ಣಿಗೆ ಬೀಳದಿರಲೆಂದು. ಮಲಕಾರಿ ಒಂದು ಚಮಚ ಹಾಕಿದ. ಇನ್ನೊಂದು ಹಾಕಿದ. ಕೈಗೆ ಹುರುಪು ಬಂದು ಒಂದು ಹಿಡಿಯೇ ಸುರಿದ. ಮೇಲೆ ನೀರು ಚಿಮುಕಿಸಿ ತಾಟು ಮುಚ್ಚಿದ.

ವಾಸನೆ ಸುಮ್ಮನೆ ಕೂಡುವ ಜಾತಿಯದಲ್ಲ. ಕಿಟಕಿಯಿಂದ ಹೊರಟು ಚಾಳಿನ ಒಂದೊಂದು ಬಾಗಿಲನ್ನೂ ವಿಚಾರಿಸಿಕೊಂಡು ಕೊನೆಯ ಮನೆ ಮುಟ್ಟಿತು. ಅಲ್ಲಿ ಭೀಮಸಿ ಮಲಗಿದ್ದ. ಬಸ್ಸಿನ ಕಂಡಕ್ಟರ್, ಅಂಕಲಿಯವನು. ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ ತಲೆಯ ಹತ್ತಿರ ಡೊಳ್ಳು ಬಾರಿಸಿದರೂ ಏಳದ ಮನುಷ್ಯ, ಅಂದು ಮೂಗಿನಿಂದ ಎಚ್ಚರಾದ. ಹೆಂಡತಿಯನ್ನು ಏನೂ ಕೇಳದೆ ಒಂದು ದೊಡ್ಡ ವಾಟಿ ಹಿಡಿದುಕೊಂಡು ನೇರವಾಗಿ ಮಲಕಾರಿಯ ಅಡುಗೆಮನೆಯ ಹಿಂಬಾಗಿಲಿಗೆ ಬಂದ.

ಬರಬೇಕಾದ ಇನ್ನಿಬ್ಬರೂ ಅದೇ ಹೊತ್ತಿಗೆ ಮುಂಬಾಗಿಲಿಗೆ ಬಂದರು. ಮುಂದೆ ಕಮಲಾಬಾಯಿ: ಬಿಳಿ ಸೀರೆ, ಕೈಯಲ್ಲಿ ಬಸದಿಯ ಪೂಜೆಯ ಡಬ್ಬಿ, ಮುಖದಲ್ಲಿ ಉಪವಾಸದ ಶಾಂತಿ. ಹಿಂದೆ ಬಾಪುಸಾಹೇಬರು: ಈ ಸಲವಾದರೂ ಮನೆ ಹೋಗಲಿ ದೇವರೇ ಎಂಬ ಮುಖ.

"ಬರ್ರಿ ಬಾಯಾರ, ಬರ್ರಿ!" ಮಲಕಾರಿ ಸೌಟು ಹಿಡಿದೇ ನಮಸ್ಕಾರ ಮಾಡಿದ.

"ಮಲಕಾರೀ!" ಒಳಗಿನಿಂದ ಭೀಮಸಿಯ ಕಂಡಕ್ಟರ್ ಕಂಠ. "ಕುರಿ ಬಿದ್ದೈತೇನಲೇ? ವಾರದ ನಡುವ? ನನಗ ಸುದ್ದಿ ಇಲ್ಲದ?"

ಕಮಲಾಬಾಯಿ ಹೊಸ್ತಿಲಿನ ಮೇಲೆತ್ತಿದ ಕಾಲನ್ನು ಅಲ್ಲೇ ನಿಲ್ಲಿಸಿದರು.

"ಭೀಮಸಿ! ಏನ ಮಾತಾಡ್ತೀಯೋ! ನಮ್ಮ ಮನ್ಯಾಗ ಕುರಿ?" ಮಲಕಾರಿ ಹಿಂದೆ ತಿರುಗಿ ಕಣ್ಣು, ಹುಬ್ಬು, ಸೌಟು ಎಲ್ಲ ಕುಣಿಸಿದ.

ಭೀಮಸಿಗೆ ಬಂದವರು ಕಾಣಲಿಲ್ಲ. ಅವನ ಕಣ್ಣೆಲ್ಲ ಮುಚ್ಚಿದ ತಾಟಿನ ಮೇಲೆ. "ಹೋಗಲೇ, ನಾಟಕ ಮಾಡಬ್ಯಾಡ. ಹ್ವಾದ ಅಮಾಸಿಗೆ ನನಗ ಬರೇ ಎಲುಬು ಹಾಕಿದ್ದಿ. ಇವತ್ತ ನೋಡಿ ಮೆತ್ತಂದು ಹಾಕು. ರಸ್ಸಾ ಬಿಟ್ರೂ ಚಿಂತಿಲ್ಲ."

ಕಮಲಾಬಾಯಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. ಗಂಡನ ಕಡೆ ತಿರುಗಿ, ನಡೆಯಿರಿ ಹೋಗೋಣ ಎಂದು ಮರಾಠಿಯಲ್ಲಿ ಇಷ್ಟೇ ಅಂದರು: "ಚಲಾ. ಜಾಊ ಯಾ."

ಅಲ್ಲಿಗೇ ಬಿಟ್ಟಿದ್ದರೆ ಮನೆಯೊಂದು ಹೋಗುತ್ತಿತ್ತು, ಮಾನವಾದರೂ ಅರ್ಧ ಉಳಿಯುತ್ತಿತ್ತು. ಆದರೆ ಮಲಕಾರಿ ಅರ್ಧಕ್ಕೆ ಬಿಡುವ ಪೈಕಿ ಅಲ್ಲವಲ್ಲ! ಒಳಗೆ ಹಾರಿ, ಕಾದ ಕಡಾಯಿಯನ್ನು ಧೋತರದ ಚುಂಗಿನಲ್ಲಿ ಹಿಡಿದು, ಹೊಸ್ತಿಲಿಗೆ ತಂದು ಕುಕ್ಕಿದ.

"ಬಾಯಾರ! ಸುಳ್ಳು ಅಪವಾದ ಹೊತಗೊಂಡು ನಾವು ಬಾಳವರಲ್ಲ! ನೋಡೇ ಹೋಗ್ರಿ!"

ಕಮಲಾಬಾಯಿ ನ್ಯಾಯವಂತೆ. ನಿಂತರು. ಒಂದು ಹೆಜ್ಜೆ ಮುಂದೆಯೂ ಬಂದರು. ಮಲಕಾರಿ ಜಾದೂಗಾರನ ಗತ್ತಿನಲ್ಲಿ ತಾಟು ಎತ್ತಿದ.

"ಕುರಿ ಅಲ್ಲ! ಕೋಳಿ ಅಲ್ಲ! ತತ್ತಿ ಅಲ್ಲ! ಬಟಾಟಿ! ಶುದ್ಧ ಬಟಾಟಿ! ನಿಮ್ಮ ಉಪಾಸಕ್ಕಂತ ಖಾಸ ನನ್ನ ಕೈಯಿಂದ ಹುರದೀನ್ರಿ!"

ಒಂದು ಹೆಜ್ಜೆ ಮುಂದೆ ಬಂದಿದ್ದ ಕಮಲಾಬಾಯಿ ಎರಡು ಹೆಜ್ಜೆ ಹಿಂದೆ ಹೋದರು.

"ಬಟಾಟಿ? ಪರ್ವದಾಗ? ನನಗ?"

"ಹೌದ್ರಿ! ಉಪಾಸಕ್ಕ ಬಟಾಟಿ ಬಿಟ್ರ ಮತ್ತೇನೈತ್ರಿ?"

"ಅಣ್ಣಾ, ಅದು ಕಂದಮೂಲ. ಮಣ್ಣಾಗಿಂದು ಒಂದು ಗಡ್ಡಿ ಕಿತ್ತರ ಎಷ್ಟ ಜೀವ ಹೋಗ್ತಾವ ಗೊತ್ತೈತೇನ ನಿಮಗ? ನಮ್ಮ ಮನಿ ಹೊಸ್ತಿಲದಾಗ ಬಟಾಟಿ ಬಂದು ವರ್ಷಗಟ್ಲೆ ಆತು." ಆಕೆಯ ಮೂಗು ಇನ್ನೂ ಕೆಲಸ ಮಾಡುತ್ತಿತ್ತು. "ಮತ್ತ ಇದು ಎಂಥಾ ವಾಸನಿ? ಏನ ಹಾಕೀರಿ?"

ಅಡುಗೆಯ ಬಗ್ಗೆ ಪ್ರಶ್ನೆ ಬಂದದ್ದೇ ಮಲಕಾರಿಗೆ ಜೀವ ಬಂತು. ಪಾಕಪ್ರವೀಣನ ಧಾಟಿಯಲ್ಲಿ ಶುರುಮಾಡಿದ: "ಮಸಾಲಿ ಖಾರ ಅಂತ್ರಿ. ನಮ್ಮತ್ತಿ ಕುಟ್ಟಿದ್ದು. ಒಣಕೊಬ್ಬರಿ, ಎಳ್ಳು, ಲವಂಗ, ಎಣ್ಣ್ಯಾಗ ಕೆಂಪಗ ಹುರದ ಉಳ್ಳಾಗಡ್ಡಿ, ಸೇರಗಟ್ಲೆ ಬಳ್ಳೊಳ್ಳಿ..."

ಎಳ್ಳಿನವರೆಗೆ ಕಮಲಾಬಾಯಿಯ ಮುಖ ತಡೆದುಕೊಂಡಿತ್ತು. ಉಳ್ಳಾಗಡ್ಡಿಗೆ ಬಿಳುಚಿತು. ಬಳ್ಳೊಳ್ಳಿಗೆ ಸೆರಗು ಮೂಗಿಗೆ ಬಂತು. ಪುಣ್ಯಾತ್ಮ ಒಂದೇ ಕಡಾಯಿಯಲ್ಲಿ ಮೂರು ಗಡ್ಡೆ ಸೇರಿಸಿದ್ದ, ಅದೂ ಹಬ್ಬದ ದಿನಗಳಲ್ಲಿ!

ಮಲಕಾರಿಗೆ ಕಾಲಡಿಯ ನೆಲ ಜಾರುವುದು ಗೊತ್ತಾಯಿತು. ಕೈಗೆ ಸಿಕ್ಕ ಆಧಾರವನ್ನು ಗಟ್ಟಿಯಾಗಿ ಹಿಡಿದ. ಆ ಆಧಾರವೇ ಬಾಪುಸಾಹೇಬರು!

"ನೀವರ ಹೇಳ್ರಿ ಸಾಹುಕಾರ್ರ! ಬಟಾಟಿ ಅಂದ್ರ ನಿಮಗ ಪ್ರಾಣ ಅಲ್ರ್ಯಾ?"

ಬಾಪುಸಾಹೇಬರು ಹೆಂಡತಿಯ ಬೆನ್ನ ಹಿಂದಿನಿಂದ ತಲೆ ಅಲ್ಲಾಡಿಸಿದರು. ಕೈ ಅಲ್ಲಾಡಿಸಿದರು. ತುಟಿಯ ಮೇಲೆ ಬೆರಳಿಟ್ಟರು. ಕಣ್ಣಲ್ಲೇ ಕಾಲು ಹಿಡಿದರು. ಮಲಕಾರಿ ಅದನ್ನೆಲ್ಲ ಭಲೇ ಭಲೇ ಎಂಬ ಪ್ರೋತ್ಸಾಹವೆಂದು ತಿಳಿದ.

"ದಿನಾ ಸಂಜಿಕ ಬಸ್‌ಸ್ಟ್ಯಾಂಡಿನ ಗಾಡಿ ಹಿಂದ ನಿಂತು ಬಟಾಟಿ ವಡೆ ಹೊಡೀತೀರಿಲ್ಲೋ? ಎರಡೆರಡು! ಮೊನ್ನೆ ಅಂತೂ ಮೂರು ತಿಂದ್ರಿ, ಮ್ಯಾಲೆ ಹುರದ ಮೆಣಸಿನಕಾಯಿ! ನಾ ನೋಡೀನಲ್ರಿ!"

ಓಣಿಯ ಗಣಪತಿಯ ಲೌಡ್‌ಸ್ಪೀಕರ್ ಕೂಡ ಅದೇ ಹೊತ್ತಿಗೆ ಪ್ಲೇಟು ಬದಲಿಸಲು ನಿಂತಿತು. ಎಂಥ ಶಾಂತಿ!

"ಮೊನ್ನೆ?" ಎಂದರು ಕಮಲಾಬಾಯಿ. ಮಲಕಾರಿಯನ್ನಲ್ಲ, ಗಂಡನನ್ನು.

"ಅಂವಗ... ಕಣ್ಣ ಮಂಜಾಗ್ಯಾವ" ಎಂದರು ಬಾಪುಸಾಹೇಬರು.

"ಮೊನ್ನೆ ಪರ್ವ ಹತ್ತಿತ್ತು. ಬಟಾಟಿ ಬಿಟ್ಟೀನಿ ಅಂತ ಮುನಿಗಳ ಮುಂದ ಕೈ ಮುಗದಾವ್ರು ಯಾರು?"

"ಚಲಾ, ಜಾಊ ಯಾ" ಎಂದರು ಈ ಸಲ ಬಾಪುಸಾಹೇಬರು.

ಆಕೆ ಮುಂದೆ, ಅವರು ಹಿಂದೆ. ಅಂಗಳ ದಾಟುವಾಗ ಬಾಪುಸಾಹೇಬರು ಒಮ್ಮೆ ತಿರುಗಿ ನೋಡಿದರು. ಬಟಾಟೆಗೆ ಆಗದಿದ್ದ ರೋಸ್ಟು ಅವರ ರೋಷದಲ್ಲಿ ಮಲಕಾರಿಗೆ ಆಗಿಹೋಯಿತು.

ಗುಡಿಯ ನಳದಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬರುತ್ತಿದ್ದ ಕೆಂಪವ್ವ ಓಣಿಯ ಬಾಯಲ್ಲೇ ಅವರಿಗೆ ಎದುರಾದಳು. ಕೊಡ ಇಳಿಸಿದಳು. ಏನೋ ಕೇಳಿದಳು. ಕಮಲಾಬಾಯಿ ಏನೋ ಹೇಳಿದರು. ಕೆಂಪವ್ವ ಹಣೆ ಬಡಿದುಕೊಂಡದ್ದು, ಆಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಮಾತಾಡಿದ್ದು, ಇಷ್ಟು ಮಲಕಾರಿಗೆ ದೂರದಿಂದ ಕಂಡಿತು. ಮಾತು ಕೇಳಿಸಲಿಲ್ಲ. ಬಾಪುಸಾಹೇಬರು ನಡುವೆ ಬೇರೆ ಕಡೆ ನೋಡುತ್ತ ನಿಂತಿದ್ದರು.

ಅವಳು ಬಂದಳು. ಕೊಡ ಇಳಿಸಿದಳು. ಕಡಾಯಿಯಿಂದ ಒಂದು ಹೋಳು ಎತ್ತಿ ಕಡಿದಳು. ಕಟಕ್ ಎಂದಿತು. ಉಳಿದರ್ಧವನ್ನು ಮತ್ತೆ ಕಡಾಯಿಗೆ ಹಾಕಿದಳು. ಬೈದಿದ್ದರೆ ಮಲಕಾರಿಗೆ ಎಷ್ಟೋ ಹಿತವಾಗುತ್ತಿತ್ತು.

ಭೀಮಸಿ ಮಾತ್ರ ಹೊಸ್ತಿಲ ಮೇಲೆ ಕೂತು ವಾಟಿ ತುಂಬಿಸಿಕೊಂಡು ತಿನ್ನುತ್ತಿದ್ದ. ಕೊನೆಗೆ ಬೆರಳು ನೆಕ್ಕಿ ಅಂದ: "ಮಸಾಲಿ ಬೇಷ್ ಐತಿ. ಕುರಿ ಭಾಳ ವಯಸ್ಸಿಂದು ತಂದೀ ನೋಡಪಾ, ಬೆಂದ ಇಲ್ಲ."

ಅಂದಿನಿಂದ ಮಲಕಾರಿಯ ಬಾಯಿ ಬಂದ್ ಆಯಿತು. ವಖಾರದಲ್ಲಿ ಅವನು ಚೀಲ ಎಣಿಸುವಾಗಲೂ ತುಟಿ ಅಲ್ಲಾಡಿಸಲಿಲ್ಲ. ಬಾಪುಸಾಹೇಬರು ಎದುರಾದರೆ ತಾನೇ ತಂಬಾಕಿನ ಚೀಲವೊಂದರ ಹಿಂದೆ ಸರಿದ. ಮನೆಯಲ್ಲಿ ಊಟಕ್ಕೆ ಏನಿದೆ ಎಂದು ಕೇಳದೆ ಉಂಡ. ಉಪ್ಪು ಕಡಿಮೆ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ "ನಳಾ ಬಂತೂ!" ಎಂಬ ಕೂಗಿಗೆ ಕೆಂಪವ್ವ ಸೊಂಟ ಹಿಡಿದುಕೊಂಡು ಎದ್ದದ್ದನ್ನು ಅವನು ನೋಡಿದ. ಎಷ್ಟೋ ವರ್ಷ ಅವಳು ಹೀಗೇ ಎದ್ದಿದ್ದಳು. ಇವನು ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸಿದ್ದ. ಅಂದು ನಾಚಿಕೆಯಾಯಿತು. ಕೇಳಿದ್ದು ಒಂದು ನಳ. ಅದನ್ನೂ ಹುರಿದು ಹಾಕಿದೆನಲ್ಲ! ಕೊಡ ಅವಳ ಕೈಯಿಂದ ಕಸಿದುಕೊಂಡು ತಾನೇ ಹೋದ. ಹೆಂಗಸರ ನಡುವೆ ಒಬ್ಬನೇ ಗಂಡಸು! "ಏನ್ರಿ ಮಲಕಾರಿಯವರ, ಬಟಾಟಿ ತೊಳ್ಯಾಕ ನೀರೇನ್ರಿ?" ಎಂದು ಒಬ್ಬಳು. "ಇಲ್ಲವಾ, ವಯಸ್ಸಾದ ಕುರಿ ಕುದಸಾಕ" ಎಂದು ಇನ್ನೊಬ್ಬಳು. ಮಲಕಾರಿ ತಲೆ ತಗ್ಗಿಸಿ ಕೊಡ ತುಂಬಿಸಿದ. ದಿನಾ ತುಂಬಿಸಿದ. ಕೆಂಪವ್ವ ಒಳಗೆ ಕೂತು ಚಹಾ ಕುಡಿದಳು.

ಗಣಪತಿ ನೀರಿಗೆ ಹೋದ. ಜೈನರ ಪರ್ವವೂ ಮುಗಿಯಿತು. ಮುಗಿದ ಮರುದಿನ ಮಲಕಾರಿ ಎರಡನೇ ಖೇಪಿನ ಕೊಡ ಇಳಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಕಮಲಾಬಾಯಿ! ಹಿಂದೆ ಬಾಪುಸಾಹೇಬರು! ಇಬ್ಬರೂ ಕೈ ಜೋಡಿಸಿ ನಿಂತಿದ್ದರು.

"ಗೊತ್ತಿದ್ದೋ ಗೊತ್ತಿಲ್ಲದೋ ನಮ್ಮಿಂದ ಏನರ ತಪ್ಪಾಗಿದ್ರ, ಮನಸ್ಸ ನೋವಾಗಿದ್ರ, ಕ್ಷಮಾ ಮಾಡ್ರಿ" ಎಂದರು ಕಮಲಾಬಾಯಿ.

ಮಲಕಾರಿಗೆ ಮೊದಲು ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆಮೇಲೆ ಬಂತು. ಬಂದದ್ದೇ ತಡ, ಇಷ್ಟು ದಿನ ಕುಗ್ಗಿದ್ದ ಎದೆ ಬನಿಯನ್ನಿನ ಹೊಲಿಗೆ ಬಿಡುವಷ್ಟು ಉಬ್ಬಿತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ಒಂದು ನೋಟ ಎಸೆದ. ಒದ್ದೆ ಕೈಯನ್ನು ಧೋತರಕ್ಕೊರೆಸಿಕೊಂಡು ಅಭಯಹಸ್ತ ಎತ್ತಿದ.

"ಆತು ಬಾಯಾರ, ಆತು! ತಪ್ಪು ಮನಷ್ಯಾರಿಂದನ ಆಗೂದು. ನಾ ಆವತ್ತ ಮರತಬಿಟ್ಟೀನಿ. ಬಟಾಟಿ ಬ್ಯಾಡಂದ್ರಿ, ಪಾಪ, ನಿಮಗೂ ಆಮ್ಯಾಲೆ ಕೆಟ್ಟ ಅನಿಸಿರಬೇಕು. ಕ್ಷಮಾ ಮಾಡೀನಿ! ಸಾಹುಕಾರ್ರಿಗೂ ಮಾಡೀನಿ! ತರ್ರಿ ಕೀಲಿ!"

ಬಾಪುಸಾಹೇಬರು ಕೆಮ್ಮಿದರು. "ತಮ್ಮಾ, ಇವತ್ತ ನಮ್ಮದು ಕ್ಷಮಾವಾಣಿ. ಎಲ್ಲಾರ ಕಡೆ ಹೋಗಿ ಕ್ಷಮಾ ಕೇಳೂ ದಿವಸ. ಈಗರ ಹಿತ್ತಲದಾಗಿನ ಎಮ್ಮಿಗೆ ಕೇಳಿ ಬಂದ್ವಿ. ಎಮ್ಮಿ ಆದ ಮ್ಯಾಲೆ ನೀವು."

"ಎಮ್ಮಿ ಇಷ್ಟ ಮಾತಾಡಲಿಲ್ಲ" ಎಂದರು ಕಮಲಾಬಾಯಿ. "ಮತ್ತ ಅಣ್ಣಾ, ಕ್ಷಮಾ ಬ್ಯಾರೆ, ಕೀಲಿ ಬ್ಯಾರೆ."

ಎತ್ತಿದ ಅಭಯಹಸ್ತವನ್ನು ಎಲ್ಲಿಡಬೇಕೆಂದು ಮಲಕಾರಿಗೆ ತಿಳಿಯಲಿಲ್ಲ. ತಲೆ ಕೆರೆದುಕೊಳ್ಳಲು ಬಳಸಿದ. ಉಬ್ಬಿದ ಎದೆ ಮೊದಲಿದ್ದ ಜಾಗಕ್ಕಿಂತ ಒಳಗೆ ಹೋಯಿತು. ಹಾಗಾದರೆ ನಳ ಹೋದದ್ದು ಹೋದದ್ದೇ. ಇನ್ನು ಆಯುಷ್ಯವಿಡೀ ಹೆಂಗಸರ ಪಾಳಿಯಲ್ಲಿ ಕೊಡ ಹಿಡಿದು ನಿಲ್ಲುವುದೇ.

"ಮತ್ತ ಕೀಲಿ ನನ್ನ ಕಡೆ ಎಲ್ಲೈತಿ?" ಕಮಲಾಬಾಯಿ ಆಶ್ಚರ್ಯದಿಂದ ಕೇಳಿದರು. "ಆವತ್ತ ಓಣ್ಯಾಗ ನಿಮ್ಮ ಹೆಂಡ್ತಿ ಕೈಯಾಗ ಕೊಟ್ಟೀನಲ್ಲ!"

"ಆಂ?"

"ಹೌದು. ಅಂವ ಸುಳ್ಳ ಹೇಳ್ಯಾನ್ರಿ ಅಂದಳು ಆಕಿ. 'ನಾವು ಕುರಿ ತಿನ್ನೂ ಮಂದಿನ. ಆದ್ರ ನಿಮ್ಮ ಮನ್ಯಾಗ ಇರೂತನಕ ಬೇಯ್ಸಂಗಿಲ್ಲ, ಗಡ್ಡಿನೂ ತರಂಗಿಲ್ಲ. ನನಗ ನಳಾ ಬೇಕ್ರಿ. ನನ್ನ ಗಂಡಗ ಬಾಯಿ ಜಾಸ್ತಿ, ಕೆಟ್ಟಾಂವಲ್ಲ' ಅಂದಳು." ಕಮಲಾಬಾಯಿ ತಮ್ಮ ಗಂಡನ ಕಡೆ ಓರೆಗಣ್ಣು ಬಿಟ್ಟರು. "ಗಂಡಂದ್ರ ಹಣೇಬಾರ ನನಗೂ ಗೊತ್ತೈತಿ. ಇದ್ದದ್ದು ಇದ್ದಂಗ ಹೇಳೂ ಒಬ್ಬಾಕಿ ಹಿತ್ತಲದಾಗ ಇರಲಿ ಅಂತ ಅಲ್ಲೇ ಕೀಲಿ ಕೊಟ್ಟೆ. ನವರಾತ್ರಿ ಘಟ ಕುಂದ್ರಸೂ ದಿನಾ ಬರ್ತೀನಿ ಅಂದಾಳ."

ಅವರು ಕ್ಷಮೆ ಕೇಳಲು ಮುಂದಿನ ಮನೆಗೆ ಹೋದರು. ಮಲಕಾರಿ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಕೆಂಪವ್ವ ಸೊಂಟದ ಸೀರೆಯ ಗಂಟಿನಿಂದ ಹಿತ್ತಾಳೆಯ ಕೀಲಿ ತೆಗೆದು, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇಷ್ಟ ದಿನಾ ಇಟಗೊಂಡಿದ್ದೀ? ನಾ ಇಲ್ಲಿ ಒಳಗೊಳಗ ಸಾಯಾಕತ್ತೀನಿ, ಒಂದ ಮಾತ ಹೇಳಬಾರದೇನ?"

"ಹೆಂಗ ಹೇಳ್ಲಿ?" ಎಂದಳು ಕೆಂಪವ್ವ. "ನೀವು ಬಾಯಿ ಮುಚಗೊಂಡು, ದಿನಾ ನೀರ ತಂದ ಹಾಕೂದನ್ನ ಲಗ್ನ ಆದಾಗಿಂದ ಇದ ಮೊದಲ ಸಲ ನೋಡಿದ್ದು. ಘಟ ಕುಂದ್ರಸೂತನಕ ಹಿಂಗ ನಡೀಲಿ ಅಂತ ಮಾಡಿದ್ದೆ. ಈ ಬಾಯಾರು ಕ್ಷಮಾ ಕೇಳಾಕ ಬಂದು ಎಲ್ಲಾ ಕೆಡಿಸಿದ್ರು ನೋಡ್ರಿ!"